ನನ್ನ ಮಗಳ ಮುಯ್ಯಿ

ಮೈಸೂರಿನ ಆಸ್ಪತ್ರೆಯಲ್ಲಿ ಮಕ್ಕಳಿಗೆ ಕೈಕಾಲಿನ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳು ನನ್ನನ್ನು ಕೇಳಿದಳು, "ನಿಮ್ಮ ಮಗಳಿಗೆ ಏನು ಇಷ್ಟ? ಬಣ್ಣ, ಹಾಡು, ಆಟದ ಸಾಮಾನು, ಏನಾದರೂ?"

ಜಗಳ, ಅಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಅವಳು ಒಂದು ಗಿಲಕಿ ತಂದು ಮಗಳ ಕಿವಿಯ ಹತ್ತಿರ ಅಲ್ಲಾಡಿಸಿದಳು. ಮಗಳು ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಅಷ್ಟರಲ್ಲಿ ಆಚೆ ವರಾಂಡದಲ್ಲಿ ಯಾರೋ ಇಬ್ಬರು ಸಾಲಿನಲ್ಲಿ ಯಾರು ಮುಂದೆ ಅಂತ ಕಿತ್ತಾಡತೊಡಗಿದರು. ಮಗಳು ಅತ್ತ ಕುತ್ತಿಗೆ ತಿರುಗಿಸಿ, ಬಾಯಿ ಅಗಲ ಮಾಡಿ, ಕೇಕೆ ಹಾಕಿ ನಕ್ಕಳು. ಕುತ್ತಿಗೆ ತಿರುಗಿಸುವುದು ಆವತ್ತಿನ ವ್ಯಾಯಾಮವೇ ಆಗಿತ್ತಂತೆ. ಹುಡುಗಿಗೆ ಖುಷಿಯಾಯಿತು. ಮನೆಯಲ್ಲೂ ಇದನ್ನು ತಪ್ಪದೆ ಮುಂದುವರಿಸಿ ಅಂದಳು. ಅದರ ಬಗ್ಗೆ ನೀವು ಚಿಂತೆ ಮಾಡಬೇಡಿ ಅಂದೆ.

ಮಗಳಿಗೆ ಈಗ ಹನ್ನೊಂದು ವರ್ಷ. ನಡೆಯುವುದಿಲ್ಲ. ಕೂರಿಸಿದರೆ ಆನಿಕೆ ಬೇಕು. ಮಾತಿಲ್ಲ. ಕಣ್ಣಿಗೆ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಆಗಾಗ ಫಿಟ್ಸ್ ಬರುತ್ತದೆ. ಕಿವಿ ಮಾತ್ರ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲದಷ್ಟು ಚುರುಕು. ಯಾವ ಬಸ್ಸು ಬಂತು, ಯಾರ ಸ್ಕೂಟರು ಹೋಯಿತು, ಬಾಗಿಲಲ್ಲಿ ಯಾರ ಚಪ್ಪಲಿ ಬಿಟ್ಟ ಸದ್ದು, ಎಲ್ಲ ಅವಳಿಗೆ ಗೊತ್ತು. ಬೇಡದವರ ಚಪ್ಪಲಿಯಾದರೆ ಮುಖ ಆಚೆ ತಿರುಗಿಸುತ್ತಾಳೆ. ಆ ವಿಷಯದಲ್ಲಿ ನನ್ನ ಹಾಗೇ.

ನಾನು ಶ್ರೀರಂಗಪಟ್ಟಣದ ಕಡೆಯ ನಾಲೆಯೂರಿನವಳು. ಮದುವೆಯಾಗಿ ದೇವಲಾಪುರದ ಹತ್ತಿರದ ಈ ಊರಿಗೆ ಬಂದೆ. ಇಲ್ಲಿ ರಾಗಿ, ಹುರುಳಿ, ತೆಂಗು, ಜೊತೆಗೆ ತಲೆಯೆತ್ತಿ ಮೋಡ ನೋಡುವ ಕೆಲಸ. ಬಂದ ಹೊಸದರಲ್ಲಿ ನಾನು ಪಾತ್ರೆ ತೊಳೆಯುವುದನ್ನು ನೋಡಲು ಹೆಂಗಸರು ಬರುತ್ತಿದ್ದರು. ಅಷ್ಟು ನೀರು ಸುರಿಯುವ ಸೊಸೆಯನ್ನು ಅವರು ಕಂಡಿರಲಿಲ್ಲ. ನೀರೂರಿನೋಳು ಅಂತ ಹೆಸರಿಟ್ಟರು, ಅದೇ ಉಳಿಯಿತು. ನಮ್ಮನೆಯವರು ಎಳನೀರಿನ ಲಾರಿ ಓಡಿಸುತ್ತಾರೆ. ಬೆಳಕು ಹರಿಯುವ ಮೊದಲೇ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಅತ್ತೆಗೆ ಮಂಡಿ ನೋವು. ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ.

ಎದುರು ಮನೆಯಲ್ಲಿ ಒಬ್ಬ ಅಕ್ಕ ಇದ್ದಾಳೆ. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವಳು. ಅವಳು ಪಿಸುಗುಟ್ಟಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ. ಮಗಳು ಹುಟ್ಟಿ ವಿಷಯ ಊರಿಗೆಲ್ಲ ತಿಳಿದಾಗ ಬಂದವರೆಲ್ಲ ಒಂದೊಂದು ಸಲಹೆ ತಂದರು. ಒಬ್ಬರು ಎಣ್ಣೆ ಹೇಳಿದರು, ಒಬ್ಬರು ದೇವರು ಹೇಳಿದರು, ಈ ಅಕ್ಕ ಹಿಂದಿನ ಜನ್ಮದ್ದು ಅಂದಳು. ಯಾರ ಹಿಂದಿನ ಜನ್ಮದ್ದು ಅಂತ ಕೇಳಿದೆ. ಅವತ್ತಿನಿಂದ ನಾನು ಬಾಗಿಲು ಮುಂದಕ್ಕೆ ಹಾಕಿಕೊಂಡೆ. ಹೊಲಿಸಲು ಬಂದವರು ಕಿಟಕಿಯಲ್ಲಿ ಬಟ್ಟೆ ಕೊಟ್ಟು ಕಿಟಕಿಯಲ್ಲೇ ಈಸಿಕೊಂಡು ಹೋಗಬೇಕಿತ್ತು. ಅಳತೆ ಹೆಚ್ಚುಕಮ್ಮಿಯಾದರೂ ಯಾರೂ ತಕರಾರು ಮಾಡುತ್ತಿರಲಿಲ್ಲ. ಅಯ್ಯೋ ಪಾಪ ಅನ್ನುವುದರಿಂದ ನನಗಾದ ಲಾಭ ಅದೊಂದೇ.

ಮಗಳಿಗೆ ಎರಡು ವರ್ಷ ತುಂಬಿದರೂ ಒಂದು ಸಲವೂ ನಕ್ಕಿರಲಿಲ್ಲ. ನಡೆಯದಿದ್ದರೆ ಹೋಗಲಿ, ನಗಬಾರದೇ ಅಂತ ನಾನು ಅತ್ತಿದ್ದೇನೆ. ಒಂದು ದಿನ ಎದುರು ಮನೆಯ ಬಚ್ಚಲ ನೀರು ನಮ್ಮ ಜಗಲಿಯ ಬುಡಕ್ಕೆ ಹರಿದು ಬಂತು. ನಾನು ಮಗಳನ್ನು ಸೊಂಟದಲ್ಲಿ ಇಟ್ಟುಕೊಂಡೇ ಹೋಗಿ ಕೇಳಿದೆ.

"ನೀರೂರಿನೋಳಿಗೆ ಒಸಿ ನೀರು ಬಂದ್ರೆ ಯಾಕ್ ಅಂಗೆ ಮೈ ಪರಚ್ಕೊತೀಯಾ?" ಅಂದಳು ಅಕ್ಕ.

"ನಿನ್ನ ಬಚ್ಚಲು ನಿನ್ನ ಬಾಯಿ ಎರಡಕ್ಕೂ ಮುಚ್ಚಳ ಇಲ್ಲ," ಅಂದೆ ನಾನು.

ಸೊಂಟದಲ್ಲಿದ್ದ ಮಗಳು ಗಹಗಹಿಸಿ ನಕ್ಕಳು.

ನಾವಿಬ್ಬರೂ ನಿಂತುಬಿಟ್ಟೆವು. ಜಗಳ ನಿಂತಿತು. ಮಗಳ ನಗುವೂ ನಿಂತಿತು. ಅಕ್ಕ ಅವಳ ಮುಖವನ್ನೇ ನೋಡುತ್ತಾ, ಮೆಲ್ಲಗೆ, ಪರೀಕ್ಷೆ ಮಾಡುವವಳ ಹಾಗೆ, "ನಿಮ್ಮತ್ತೆ ಮನೆ ಹಾಳಾಗ" ಅಂದಳು. ಮಗಳು ಮತ್ತೆ ನಕ್ಕಳು. ನಾನು ಅಕ್ಕನ ತವರಿಗೆ ಒಂದು ಮಾತು ಅಂದೆ. ಇನ್ನೂ ನಕ್ಕಳು. ಆ ಸಂಜೆ ಬಚ್ಚಲ ನೀರಿನ ವಿಷಯ ಇತ್ಯರ್ಥವಾಗಲಿಲ್ಲ. ಅದು ಈಗಲೂ ಅಲ್ಲೇ ಹರಿಯುತ್ತದೆ. ಆಮೇಲೆ ವಾರಕ್ಕೆ ಎರಡು ಮೂರು ಸಲ ಅಕ್ಕ ಎದುರು ಜಗಲಿಯಿಂದ ಏನಾದರೂ ನೆಪ ತೆಗೆದು ಬೈಯುವಳು, ನಾನು ಒಳಗಿನಿಂದ ಉತ್ತರ ಕೊಡುವೆ. ಬಾಗಿಲು ಮಾತ್ರ ನಾನು ತೆಗೆಯಲಿಲ್ಲ. ಜಗಳ ಬೇರೆ, ಉಪಕಾರ ಬೇರೆ. ಒಬ್ಬರ ಹಂಗಿಗೆ ಬಿದ್ದರೆ ಅವರ ಮುಂದೆ ಬಾಯಿ ಬಿಡಲಾಗುವುದಿಲ್ಲ. ಬಾಯಿಯೊಂದನ್ನು ಬಿಟ್ಟರೆ ನನಗೆ ಬೇರೆ ಆಸ್ತಿ ಇರಲಿಲ್ಲ.

ಒಂದು ಶಿಬಿರದಲ್ಲಿ ಅವಳಿಗೆ ಗಾಲಿಕುರ್ಚಿ ಸಿಕ್ಕಿತು. ಅದರಲ್ಲಿ ಕೂರಿಸಿ ಫೋಟೋ ತೆಗೆದರು. ನಮ್ಮ ಬೀದಿಯ ಕಲ್ಲಿಗೆ ಅದರ ಮುಂದಿನ ಪುಟ್ಟ ಗಾಲಿ ಸಿಕ್ಕಿಕೊಂಡು ಕದಲುತ್ತಿರಲಿಲ್ಲ. ಬಹಳ ದಿನ ಅದರ ಮೇಲೆ ರವಿಕೆ ಬಟ್ಟೆ ಪೇರಿಸಿಟ್ಟಿದ್ದೆ. ಮಗಳನ್ನು ಎತ್ತುವುದು ನಾನೇ. ಬಚ್ಚಲಿಗೆ, ಹಾಸಿಗೆಗೆ, ಬಿಸಿಲಿಗೆ, ಮತ್ತೆ ನೆರಳಿಗೆ. ಅವಳು ಬೆಳೆಯುತ್ತಾ ಹೋದಳು. ಅವಳ ದೇಹದಲ್ಲಿ ಡಾಕ್ಟರು ಹೇಳಿದ ಹಾಗೆ ತಪ್ಪದೆ ನಡೆದ ಕೆಲಸ ಅದೊಂದೇ.

ಅವಳಿಗೆ ಒಂಬತ್ತು ತುಂಬಿದಾಗ ನನಗೆ ಕಿಬ್ಬೊಟ್ಟೆ ನೋವು ಶುರುವಾಯಿತು. ನಾಗಮಂಗಲದಲ್ಲಿ ತೋರಿಸಿದೆ, ಅಲ್ಲಿಂದ ಮಂಡ್ಯಕ್ಕೆ ಕಳಿಸಿದರು. ಗರ್ಭಕೋಶ ಜಾರಿದೆ ಅಂದರು ಅಲ್ಲಿನ ಡಾಕ್ಟರಮ್ಮ. ಏನು ಭಾರ ಎತ್ತುತ್ತೀರಿ ಅಂತ ಕೇಳಿದರು. ಮಗಳನ್ನ ಅಂದೆ. ಎಷ್ಟು ವರ್ಷದ ಮಗು ಅಂದರು. ಒಂಬತ್ತು ಅಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಪರೇಷನ್ ಆಗಲೇಬೇಕು, ಆದ ಮೇಲೆ ಮೂರು ತಿಂಗಳು ತುಂಬಿದ ಕೊಡವನ್ನೂ ಎತ್ತುವ ಹಾಗಿಲ್ಲ ಅಂದರು. ನನ್ನ ಮಗಳು ಎರಡು ಕೊಡಕ್ಕಿಂತ ಭಾರ ಇದ್ದಳು.

ಮೂರು ತಿಂಗಳು ಅವಳನ್ನು ಯಾರು ಎತ್ತುವುದು? ನಮ್ಮನೆಯವರು ಲಾರಿ ಬಿಡುತ್ತೇನೆ ಅಂದರು. ಬಿಟ್ಟರೆ ಉಣ್ಣುವುದೇನು ಅಂತ ಅತ್ತೆ ಕೇಳಿದರು. ನನ್ನ ಅಮ್ಮ ತೀರಿಕೊಂಡಿದ್ದಳು. ತವರಿನಲ್ಲಿ ತಮ್ಮನ ಹೆಂಡತಿ ಒಂದು ವಾರ ಆದರೆ ಬರುತ್ತೇನೆ ಅಂದಳು, ಆ ವಾರ ಯಾವುದು ಅಂತ ಹೇಳಲಿಲ್ಲ. ಕೊನೆಗೆ ಮೈಸೂರಿನಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ಒಂದು ಜಾಗ ನೋಡಿಕೊಂಡು ಬಂದೆವು. ಚೊಕ್ಕಟವಾಗಿತ್ತು. ಹಾಸಿಗೆಗಳು ಬೆಳ್ಳಗಿದ್ದವು. ನೋಡಿಕೊಳ್ಳುವ ಹೆಂಗಸರು ಒಳ್ಳೆಯವರೇ. "ಇಲ್ಲಿ ತುಂಬಾ ಶಾಂತವಾಗಿರುತ್ತೆ, ಗಲಾಟೆಯೇ ಇಲ್ಲ," ಅಂದರು.

ಬಸ್‌ಸ್ಟ್ಯಾಂಡಿಗೆ ಬಂದು ಕೂತಾಗ ನನಗೆ ಅಳು ತಡೆಯಲಾಗಲಿಲ್ಲ. ಅವಳಿಗೆ ನಮ್ಮ ಮುಖ ಗೊತ್ತಿಲ್ಲ. ನಾವು ಅಂದರೆ ನಮ್ಮ ಸದ್ದು. ನನ್ನ ಹೊಲಿಗೆ ಮಿಷನ್ನು, ಅತ್ತೆಯ ಗೊಣಗಾಟ, ಲಾರಿಯ ಹಾರನ್ನು, ಎದುರು ಮನೆಯ ಬೈಗುಳ. ಅದೆಲ್ಲ ಒಂದೇ ದಿನ ನಿಂತುಹೋದರೆ ಎಲ್ಲರೂ ಸತ್ತರು ಅಂದುಕೊಳ್ಳುತ್ತಾಳೆ. ಇಲ್ಲ ಕಣೇ, ಮೂರು ತಿಂಗಳಿಗೆ ಬರ್ತೀವಿ ಅಂತ ಹೇಳಿದರೆ ತಿಳಿಯುವ ಮಗುವಲ್ಲ. ನನಗೆ ಆಪರೇಷನ್ನಿನ ಭಯ ಒಂದಿಷ್ಟೂ ಇರಲಿಲ್ಲ. ಭಯ ಇದ್ದದ್ದು ಇದರದ್ದೇ.

ಆದರೂ ಚೀಲ ಕಟ್ಟಿದೆ. ಹೊರಡುವ ಹಿಂದಿನ ದಿನ ಎದುರು ಮನೆ ಅಕ್ಕ ಬೀದಿ ದಾಟಿ ಬಂದಳು. ಬಾಗಿಲು ತಟ್ಟಲಿಲ್ಲ, ತಳ್ಳಿದಳು.

"ಮಗೀನ ಎಲ್ಲಿಗೋ ಸಾಗ್‌ಹಾಕ್ತಿದ್ದೀಯಂತೆ?"

"ಮೈಸೂರಿಗೆ. ಮೂರು ತಿಂಗಳು."

"ಯಾಕೆ, ಈ ಊರ್ನಲ್ಲಿ ಹೆಂಗುಸ್ರೆಲ್ಲ ಸತ್ತೋಗವ್ರಾ?"

"ನನಗೆ ಯಾರ ಉಪಕಾರಾನೂ ಬೇಡ ಅಕ್ಕ."

"ಉಪ್ಕಾರ ಯಾವಳು ಮಾಡ್ತಾಳೆ? ನಂಗೇನ್ ಮಾಡಕ್ಕೆ ಗೇಮೆ ಇಲ್ವಾ? ಮುಯ್ಯಿಗೆ ಮಾಡ್ಕೊಳಾನ. ನಾಳಿಂದ ಬತ್ತೀವಿ. ಊಟ ಇಕ್ಕು."

ಒಳಗಿನಿಂದ ಮಗಳು ನಕ್ಕಳು. ಅಕ್ಕ ಹೊರಟುಹೋದಳು. ನನ್ನ ಒಪ್ಪಿಗೆ ಕೇಳಲು ಅವಳಿಗೆ ನೆನಪಾಗಲಿಲ್ಲ. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ. ಕಟ್ಟಿದ ಚೀಲ ಬಿಚ್ಚಿದೆ.

ಮುಯ್ಯಿ ಅಂದರೆ ಆಳಿಗೆ ಆಳು. ಇವತ್ತು ನೀನು ನನ್ನ ರಾಗಿ ಹೊಲದಲ್ಲಿ ಕಳೆ ತೆಗೆದರೆ ನಾಳೆ ನಾನು ನಿನ್ನ ಹೊಲದಲ್ಲಿ ತೆಗೆಯಬೇಕು. ಕೂಲಿ ಇಲ್ಲ, ಊಟ ಉಂಟು. ನಮ್ಮ ನಾಲೆ ಕಡೆ ನಾಟಿಗೆ ಗುತ್ತಿಗೆಯ ತಂಡ ಬರುತ್ತದೆ, ಕೆಲಸ ಮುಗಿಸಿ ದುಡ್ಡು ಈಸಿಕೊಂಡು ಆಟೋ ಹತ್ತುತ್ತದೆ. ಯಾರ ಮುಖ ಯಾರಿಗೂ ನೆನಪಿರುವುದಿಲ್ಲ. ಹಾಗಾಗಿ ನಾನು ಮುಯ್ಯಿ ಅನ್ನುವ ಮಾತು ಕೇಳಿದ್ದೆನೇ ಹೊರತು ಅದರ ಒಳಗೆ ಬಿದ್ದಿರಲಿಲ್ಲ.

ಆಪರೇಷನ್ ಮುಗಿಸಿ ಮನೆಗೆ ಬಂದು ಮಂಚದ ಮೇಲೆ ಮಲಗಿದೆ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಅಕ್ಕ, ಅವಳ ಹಿಂದೆ ಬೀದಿಯ ಇನ್ನೂ ಮೂವರು ಬಂದರು. ಸೀರೆಯ ಮೇಲೆ ಗಂಡಸರ ಹಳೇ ಶರ್ಟು ತೊಟ್ಟು, ತಲೆಗೆ ಟವೆಲ್ಲು ಸುತ್ತಿ, ಕಳೆಗೆ ಹೋಗುವ ಹಾಗೇ ಬಂದರು. ಆವತ್ತಿನ ಹೊಲ ನನ್ನ ಮಗಳು. ಒಬ್ಬಳು ತಲೆ, ಒಬ್ಬಳು ಸೊಂಟ, ಒಬ್ಬಳು ಕಾಲು ಹಿಡಿದು ಬಚ್ಚಲಿಗೆ ಹೊತ್ತರು. ಕುತ್ತಿಗೆ, ಕುತ್ತಿಗೆ ಅಂತ ನಾನು ಮಂಚದಿಂದ ಕೂಗಿದೆ. "ಮಗ ಎತ್ತಿ ಗೊತ್ತಿಲ್ವಾ ನಮ್ಗೆ, ಬಾಯ್ ಮುಚ್ಕೊಂಡ್ ಮಲಿಕೊ," ಅಂದಳು ಅಕ್ಕ. ಮಗಳು ಬಚ್ಚಲಿನವರೆಗೂ ನಗುತ್ತಲೇ ಹೋದಳು.

ಊಟದ್ದೇ ದೊಡ್ಡ ರಾಮಾಯಣ. ಅತ್ತೆ ಮಂಡಿ ಹಿಡಿದುಕೊಂಡೇ ಮುದ್ದೆ ತೊಳಸಿ ಉಪ್ಸಾರು ಮಾಡುತ್ತಿದ್ದರು. ಮುಯ್ಯಾಳುಗಳು ಉಂಡು ಹೆಸರಿಡುತ್ತಿದ್ದರು. ಉಪ್ಪು ಕಮ್ಮಿ, ಖಾರ ಕಮ್ಮಿ, ಮುದ್ದೆಯಲ್ಲಿ ಗಂಟು. ಅತ್ತೆ ಬಿಡುತ್ತಿರಲಿಲ್ಲ. ಮಗಳಿಗೆ ಅದು ಹಬ್ಬ, ಆದರೆ ನಗುವಾಗ ತುತ್ತು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅವಳಿಗೆ ರಾಗಿ ಸರಿ ಉಣಿಸುವಷ್ಟು ಹೊತ್ತು ಯಾರೂ ಜಗಳ ಆಡಬಾರದು ಅಂತ ನಾನು ಮಂಚದ ಮೇಲಿಂದ ಕಾನೂನು ಮಾಡಿದೆ. ಅಷ್ಟು ಹೊತ್ತು ಸುಮ್ಮನಿರುವುದು ಅವರಿಗೆ ಕಳೆ ಕೀಳುವುದಕ್ಕಿಂತ ಕಷ್ಟವಾಯಿತು. ಕೊನೆಯ ಚಮಚ ಬಾಯಿಗೆ ಹೋಗಿ ಇಳಿದಿದ್ದೇ ತಡ, ಬಿಟ್ಟ ಜಾಗದಿಂದ ಮುಂದುವರಿಸುತ್ತಿದ್ದರು.

ಒಂದು ದಿನ ಅವಳಿಗೆ ಫಿಟ್ಸ್ ಬಂತು. ಒಬ್ಬಳು ಬೀಗದ ಕೈ ಗೊಂಚಲು ತಂದು ಕೈಗೆ ತುರುಕಿದಳು, ಇನ್ನೊಬ್ಬಳು ಈರುಳ್ಳಿ ಹುಡುಕಲು ಅಡುಗೆಮನೆಗೆ ಓಡಿದಳು. ನಾನು ಎದ್ದು ಹೋಗುವ ಹಾಗಿರಲಿಲ್ಲ. ಕೈಗೆ ಏನೂ ಕೊಡಬೇಡಿ, ಬಾಯಿಗೆ ಏನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ ಅಂತ ಗಂಟಲು ಹರಿಯುವ ಹಾಗೆ ಕೂಗಿದೆ. ಅಕ್ಕ ಹೊರಳಿಸಿ ಬೆನ್ನಿಗೆ ತನ್ನ ಮಂಡಿ ಆನಿಸಿ ಕೂತಳು. ಸ್ವಲ್ಪ ಹೊತ್ತಿಗೆ ನಿಂತಿತು. ಆ ಸಂಜೆ ಶರ್ಟು ಬಿಚ್ಚಿ ಮಡಿಚಿ ಇಟ್ಟುಕೊಳ್ಳುತ್ತಾ ಅಕ್ಕ, ಯಾರ ಕಡೆಗೂ ನೋಡದೆ, "ಒಬ್ಳೇ ಹೆಂಗ್ ನೋಡ್ಕತಿದ್ದೆ ಇಷ್ಟ್ ವರ್ಸ?" ಅಂದಳು. ಅಷ್ಟು ವರ್ಷದಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ನಾನು ಗೋಡೆ ಕಡೆ ಮುಖ ಮಾಡಿ ಅತ್ತುಬಿಟ್ಟೆ.

ಎರಡನೆಯ ತಿಂಗಳಿಗೆ ಅವಳನ್ನು ಮನೆಯಲ್ಲಿ ಇಟ್ಟುಕೊಂಡು ಕೂರುವುದು ಅವರಿಗೆ ಬೇಜಾರಾಯಿತು. ಅವರವರ ಹೊಲದಲ್ಲೂ ಕಳೆ ಎದ್ದಿತ್ತು. ಗಾಲಿಕುರ್ಚಿಯ ಮೇಲಿನ ಬಟ್ಟೆ ಕೆಳಗೆ ಸುರಿದು, ಅವಳನ್ನು ಕೂರಿಸಿ, ಸೀರೆಯಿಂದ ಎದೆಗೆ ಕಟ್ಟಿ, ಗಾಲಿ ಸಿಕ್ಕಿಕೊಂಡ ಕಡೆಯೆಲ್ಲ ಕುರ್ಚಿ ಸಮೇತ ನಾಲ್ಕೂ ಮೂಲೆ ಹಿಡಿದು ಎತ್ತಿ ಹೊಲಕ್ಕೆ ಒಯ್ದರು. ಹೊಂಗೆ ಮರದ ಕೆಳಗೆ ಇರಿಸಿ ಕಳೆ ತೆಗೆದರು. ಅವಳು ಕೂತು ಅವರ ಮಾತು ಕೇಳಿದಳು. ಯಾರ ಸೊಸೆ, ಯಾರ ಅತ್ತೆ, ಯಾರ ಕೋಳಿ, ಎಲ್ಲವೂ. ಸಂಜೆ ಧೂಳು ಮೆತ್ತಿದ ಕಾಲಿನಲ್ಲಿ ಮನೆಗೆ ಬಂದಳು. ಅವಳ ಕಾಲಿಗೆ ಹೊಲದ ಧೂಳು ಅಂಟಿದ್ದು ಅದೇ ಮೊದಲು.

ಮೂರು ತಿಂಗಳು ಮುಗಿಯಿತು. ನಾನು ಎದ್ದು ಓಡಾಡಿದೆ. ಈಗ ತೀರಿಸುವ ಸರದಿ ನನ್ನದು. ಕಳೆ ತೆಗೆಯಲು ಬಗ್ಗಬಾರದು ಅಂದಿದ್ದರು ಡಾಕ್ಟರಮ್ಮ. ನನಗೆ ಬರುವುದು ಹೊಲಿಗೆ. ನಾಲ್ಕು ಜನಕ್ಕೂ ಒಳ್ಳೆಯ ಬಟ್ಟೆ ತರಿಸಿ, ಲೈನಿಂಗ್ ಕೊಟ್ಟು, ಬೆನ್ನಿಗೆ ಪೈಪಿಂಗ್ ಇಟ್ಟು ರವಿಕೆ ಹೊಲಿದೆ. ಅಷ್ಟು ಮನಸ್ಸಿಟ್ಟು ನನ್ನ ಮದುವೆಗೂ ಹೊಲಿದುಕೊಂಡಿರಲಿಲ್ಲ. ತಟ್ಟೆಯಲ್ಲಿಟ್ಟು ಎದುರು ಮನೆಗೆ ಒಯ್ದೆ.

ಅಕ್ಕ ಬಿಚ್ಚಿ ನೋಡಿದಳು. ಹೊಲಿಗೆ ನೋಡಿದಳು, ಕೈ ಅಳತೆ ನೋಡಿದಳು. ಮತ್ತೆ ಮಡಿಚಿ ತಟ್ಟೆಯಲ್ಲಿಟ್ಟಳು.

"ಕೂಲಿ ಕೊಡಕ್ ಬಂದಿದ್ದೀಯಾ ನಂಗೆ?"

"ಕೂಲಿ ಅಲ್ಲ ಅಕ್ಕ, ಮುಯ್ಯಿ."

"ಮುಯ್ಯಿಗೆ ಆಳ್ ಬರ್ಬೇಕು ಕಣಮ್ಮಿ, ರವ್ಕೆ ಬಂದ್ರೆ ಕೂಲಿನೇ. ಕೂಲಿಗೆ ಓಗಂಗಿದ್ರೆ ನಾನ್ ಗಾರ್ಮೆಂಟ್ಸ್‌ಗೆ ಓಗ್ತಿದ್ದೆ."

"ನಾನು ಬಗ್ಗೋ ಹಾಗಿಲ್ಲವಲ್ಲ. ಹೇಗೆ ತೀರಿಸಲಿ?"

"ತೀರ್ಸು ಅಂತ ನಾನ್ ಕೇಳುದ್ನಾ? ಬೇಕಾದಾಗ ಕೇಳ್ತೀನಿ. ತಗಂಡೋಗು ಇದ್ನ."

ರವಿಕೆಗಳು ವಾಪಸ್ಸು ಬಂದವು. ಅವಳ ಅಳತೆಯದು ಇನ್ಯಾರಿಗೂ ಆಗುವ ಹಾಗೂ ಇರಲಿಲ್ಲ. ನನಗೆ ಸಿಟ್ಟು ಬಂತು, ಅವಮಾನವೂ ಆಯಿತು. ಯಾವುದಕ್ಕೆ ಹೆದರಿ ಅಷ್ಟು ವರ್ಷ ಬಾಗಿಲು ಹಾಕಿಕೊಂಡಿದ್ದೆನೋ ಅದೇ ಆಗಿತ್ತು. ಎದುರು ಜಗಲಿಯಿಂದ ಅವಳು ಬೈದರೆ ಮೊದಲಿನ ಹಾಗೆ ನನ್ನ ಬಾಯಿ ಬರುತ್ತಿರಲಿಲ್ಲ. ಅರ್ಧಕ್ಕೆ ನಿಲ್ಲಿಸಿಬಿಡುತ್ತಿದ್ದೆ. ಮಗಳು ನಗಲು ಸಿದ್ಧವಾಗಿ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು, ಏನೂ ಬಾರದಿದ್ದರೆ ಮುಚ್ಚುತ್ತಿದ್ದಳು. ಹೀಗೆ ಒಂದು ವರ್ಷದ ಮೇಲೆಯೇ ಆಯಿತು. ಅವರು ನಾಲ್ವರೂ ಮಗಳನ್ನು ಹೊಲಕ್ಕೆ ಕರೆದೊಯ್ಯುವುದನ್ನು ಬಿಡಲಿಲ್ಲ, ಆದ್ದರಿಂದ ನನ್ನ ಸಾಲ ಏರುತ್ತಲೇ ಹೋಯಿತು.

ಈ ಬೇಸಿಗೆಯಲ್ಲಿ ಅಕ್ಕನ ಮನೆಯಲ್ಲಿ ಪಾಲು ಶುರುವಾಯಿತು. ಅವಳ ಗಂಡ, ಅವನ ತಮ್ಮ ಇಬ್ಬರೇ. ಒಂದಿಷ್ಟು ಹೊಲ, ತೆಂಗಿನ ತೋಟ, ಒಂದು ಬಾವಿ. ಎರಡು ಸಲ ಹಿರಿಯರನ್ನು ಕೂರಿಸಿದರು. ಎರಡು ಸಲವೂ ಅಣ್ಣ ಒಂದು ಮಾತು, ತಮ್ಮ ಒಂದು ಮಾತು, ಮೂರನೆಯ ಮಾತಿಗೆ ಕುರ್ಚಿ ಎತ್ತಿದರು. ಎರಡನೆಯ ಸಲ ಹಿರಿಯರಲ್ಲೊಬ್ಬರು ಬಾಗಿಲು ದಾಟಲು ಹೋಗಿ ಬಿದ್ದರು. ಇನ್ನು ಕೋರ್ಟೇ ಅಂತ ಬೀದಿಯೆಲ್ಲ ಹೇಳಿತು. ಅಕ್ಕ ಬೈಯುವುದನ್ನೂ ನಿಲ್ಲಿಸಿದ್ದಳು. ಅವಳು ಸುಮ್ಮನಿದ್ದದ್ದು ನೋಡಿ ನನಗೆ ಗಾಬರಿಯಾಗಿತ್ತು.

ಒಂದು ಸಂಜೆ ಬಂದಳು.

"ನಾಳೆ ಮುಯ್ಯಿಗೆ ಬರ್ಬೇಕು."

ಎದೆ ಹಗುರವಾಯಿತು. "ಬರ್ತೀನಿ ಅಕ್ಕ. ಅಡುಗೆಗಾ? ಎಷ್ಟು ಜನಕ್ಕೆ?"

"ನಿನ್ನ ಯಾವಳು ಕರುದ್ಲು? ಮಗೀನ ಕಳ್ಸು."

ನನಗೆ ಅರ್ಥವಾಗಲಿಲ್ಲ. ಅವಳನ್ನು ಕಟ್ಟಿಕೊಂಡು ಏನು ಮಾಡುತ್ತೀಯಾ ಅಂದೆ.

"ನಾಳೆ ಮತ್ತೆ ಕೂರ್ತಾವ್ರೆ. ಇವ್ಳು ನಡುಮನೇಲಿ ಇರ್ಲಿ. ಇವ್ಳು ನಗ್ತಿದ್ರೆ ಆ ನನ್ಮಕ್ಳು ಎಂಗ್ ಕಿತ್ತಾಡ್ತಾರೆ ನೋಡಾನ. ಅವತ್ತು ಬಚ್ಚಲ್ ನೀರ್ಗೆ ನಮ್ಮಿಬ್ರ ಕೈಲೇ ಆಗ್ಲಿಲ್ಲ."

"ನಾನೂ ಜೊತೆಗೆ ಬರ್ತೀನಿ. ಅವಳೊಬ್ಬಳೇ ಹೇಗೆ..."

"ನೀನ್ ಬ್ಯಾಡ. ಮೂರ್ ತಿಂಗ್ಳು ನಾನ್ ಎತ್ತಿದ್ದು ನಿನ್ನನ್ನಲ್ಲ, ಅವ್ಳನ್ನ. ಮುಯ್ಯಿ ಅವ್ಳ್ದು, ಅವ್ಳೇ ಬಂದ್ ತೀರುಸ್ಲಿ." ಆಮೇಲೆ ಒಳಗೆ ಹೋಗಿ ಮಗಳ ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಬೆಳಿಗ್ಗೆ ಜಲ್ದಿ ಎದ್ದೇಳ್ಬೇಕು. ತಿಳೀತಾ?"

ಹುಟ್ಟಿದಂದಿನಿಂದ ನನ್ನ ಮಗಳನ್ನು ಆಸ್ಪತ್ರೆಗೆ ಕರೆದಿದ್ದರು, ಶಿಬಿರಕ್ಕೆ ಕರೆದಿದ್ದರು, ದೇವರಿಗೆ ಕರೆದಿದ್ದರು. ಕೆಲಸಕ್ಕೆ ಯಾರೂ ಕರೆದಿರಲಿಲ್ಲ. ಆ ರಾತ್ರಿಯೇ ಪೆಟ್ಟಿಗೆ ತೆಗೆದು ಅವಳ ಲಂಗಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿದೆ.

ಬೆಳಿಗ್ಗೆ ಎಣ್ಣೆ ಹಚ್ಚಿ ಎರಡು ಜಡೆ ಹಾಕಿದೆ. ಯಾವ ಲಂಗ ಅಂತ ಅತ್ತೆಯೂ ನಾನೂ ವಾದ ಮಾಡಿದೆವು, ಅವಳು ನಕ್ಕಳು, ಈಗಲೇ ಎಲ್ಲ ಖರ್ಚು ಮಾಡಬೇಡ ಅಂದೆ. ನಾಲ್ವರು ಬಂದು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ನಾನು ನಮ್ಮ ಜಗಲಿಯಲ್ಲಿ ಒಂದು ರವಿಕೆ ಹಿಡಿದುಕೊಂಡು ಕೂತೆ. ಒಂದು ಗುಂಡಿಯನ್ನೂ ಹಾಕಲಿಲ್ಲ. ಎದುರಿನಿಂದ ಗೊಣಗೊಣ ಮಾತು ಕೇಳಿತು. ಆಮೇಲೆ ತಮ್ಮನ ದನಿ ಏರಿತು. ಅದರ ಹಿಂದೆ ಅಣ್ಣನದು. ಅದರ ಹಿಂದೆ ನನ್ನ ಮಗಳ ನಗು, ಬೀದಿಗೆಲ್ಲ. ಸದ್ದು ಅಡಗಿತು. ಯಾರೋ ಕೆಮ್ಮಿದರು. ಮತ್ತೆ ಗೊಣಗೊಣ. ಮತ್ತೆ ದನಿ ಏರಿತು, ಮತ್ತೆ ನಕ್ಕಳು. ಮೂರನೆಯ ಸಲ ಯಾವನೋ ಗಂಡಸು, ಅಣ್ಣನೋ ತಮ್ಮನೋ, ತಾನೂ ಅವಳ ಜೊತೆ ನಕ್ಕ ಹಾಗೆ ಕೇಳಿತು.

ಮಧ್ಯಾಹ್ನದ ಮೇಲೆ ಬಹಳ ಹೊತ್ತು ಅವಳ ಸದ್ದಿಲ್ಲ. ಗಂಡಸರ ಸದ್ದು ಜೋರಾಯಿತು, ಏನೋ ಬಿತ್ತು. ನಾನು ಎದ್ದು ಬೀದಿಯ ನಡುವಿನವರೆಗೆ ಹೋದೆ. ಕರೆಯದವಳು ಹೋಗಬಾರದು ಅಂತ ವಾಪಸ್ಸು ಬಂದು ಕೂತೆ.

ಸಂಜೆ ಕರೆತಂದರು. ಊಟ ಹಾಕಿದರಾ ಅಂತ ಕೇಳಿದೆ.

"ರಾಗಿ ಸರಿ ಮಾಡಿ ಉಣ್ಸುದ್ವಿ," ಅಂದಳು ಅಕ್ಕ. "ಹೊಲ ಆಯ್ತು. ತೋಟ ಆಯ್ತು. ಬಾವಿ ಆಗ್ಲಿಲ್ಲ."

"ಯಾಕೆ?"

"ಉಂಡ್ಬುಟ್ಟು ನಿದ್ದೆ ಒಡುದ್ಬುಟ್ಲು. ಅದೇ ಒತ್ಗೆ ಬಾವಿ ವಿಷ್ಯ ಬಂತು. ಕುರ್ಚಿ ಎತ್ತುದ್ರು." ಅಕ್ಕ ತಲೆಯ ಟವೆಲ್ಲು ಬಿಚ್ಚಿ ಮುಖ ಒರೆಸಿಕೊಂಡಳು. ಅವಳ ಮುಖ ಹಗುರವಾಗಿತ್ತು, ಆದರೆ ದನಿಯಲ್ಲಿ ಒಂದು ಚೂರೂ ರಿಯಾಯಿತಿ ಇರಲಿಲ್ಲ. "ಮುಯ್ಯಿಗೆ ಬಂದೋಳು ಇಂಗೆ ಅರ್ಧಕ್ಕೆ ಮಲಿಕೊಂಡ್ರೆ ಎಂಗೆ? ನಾಳೆನೂ ಕಳ್ಸು."

ನನಗೆ ನಾಚಿಕೆಯಾಯಿತು. ಆಳು ಕಳಿಸಿದ ಮನೆಯವರಿಗೆ ಆಗುವ ನಾಚಿಕೆಯೇ ಅದು, ಬೇರೇನೂ ಬೆರೆತಿರಲಿಲ್ಲ. ನಾನು ಮಗಳ ಕಡೆ ತಿರುಗಿ, ಕೆಲಸಕ್ಕೆ ಅಂತ ಹೋದವಳು ನಿದ್ದೆ ಮಾಡುತ್ತೀಯಾ, ಮನೆ ಮಾನ ಕಳೆದೆಯಲ್ಲೇ ಅಂತ ಅವಳನ್ನು ಚೆನ್ನಾಗಿ ಬೈದೆ. ಇಷ್ಟು ವರ್ಷ ಅವಳ ಮುಂದೆ ಊರನ್ನೆಲ್ಲ ಬೈದಿದ್ದೆ, ಅವಳನ್ನು ಬೈದದ್ದು ಅದೇ ಮೊದಲು. ಅವಳು ಒಂದು ಕ್ಷಣ ಕಿವಿಗೊಟ್ಟು ಕೇಳಿದಳು. ಬೈಗುಳ ತನಗೇ ಅಂತ ತಿಳಿದ ಮೇಲೆ ಆವತ್ತು ನಕ್ಕಷ್ಟು ಜೋರಾಗಿ ಇನ್ನೊಂದು ದಿನ ನಕ್ಕಿಲ್ಲ.